ಜನ್ಮಜಾತ ನ್ಯೂನತೆಗಳ ಮೇಲೆ ರಾಷ್ಟ್ರಮಟ್ಟದ ನಿಗಾ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ದೇಶದಲ್ಲಿ ಹುಟ್ಟುವ ಮಕ್ಕಳ ಪೈಕಿ ಎಷ್ಟು ಮಂದಿಗೆ ಜನ್ಮಜಾತ ನ್ಯೂನತೆ ಇದೆ, ಆ ಪ್ರಮಾಣ ವರ್ಷದಿಂದ ವರ್ಷಕ್ಕೆ ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬುದನ್ನು ಬಿಡದೆ ಗಮನಿಸುವ ವ್ಯವಸ್ಥೆಯ ಬಗ್ಗೆ ಹೆತ್ತವರು, ವಿದ್ಯಾರ್ಥಿಗಳು, ಆಸ್ಪತ್ರೆಯ ಸಿಬ್ಬಂದಿ ಮತ್ತು ಪತ್ರಕರ್ತರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಇಲ್ಲಿ ಬರುವ ಪ್ರತಿ ಅಂಕಿಯ ಹಿಂದೆಯೂ ಒಂದು ಮಗು, ಒಂದು ಕುಟುಂಬ ಇದೆ. ಆದ್ದರಿಂದಲೇ ಆ ಅಂಕಿಯನ್ನು ಯಾರು, ಯಾವಾಗ, ಯಾವ ವ್ಯಾಖ್ಯೆಯ ಪ್ರಕಾರ ಎಣಿಸಿದರು ಎಂದು ಪ್ರತಿ ಸಲವೂ ಕೇಳಬೇಕಾಗುತ್ತದೆ.

ಜನ್ಮಜಾತ ನ್ಯೂನತೆ ಎಂಬುದರಲ್ಲಿ ಏನೇನು ಸೇರುತ್ತದೆ?

ಮಗು ಗರ್ಭದಲ್ಲಿರುವಾಗಲೇ ಉಂಟಾಗುವ ರಚನೆಯ ಅಥವಾ ಕಾರ್ಯದ ದೋಷಗಳೆಲ್ಲವೂ ಇದರಲ್ಲಿ ಸೇರುತ್ತವೆ. ಸೀಳುತುಟಿ, ಸೀಳು ಅಂಗುಳ, ವಕ್ರಪಾದ, ಹೃದಯದ ಗೋಡೆಯಲ್ಲಿನ ರಂಧ್ರ, ಬೆನ್ನುಮೂಳೆ ಪೂರ್ತಿ ಕೂಡಿಕೊಳ್ಳದೆ ಉಳಿಯುವ ಸ್ಪೈನಾ ಬೈಫಿಡಾ ಮೊದಲಾದವು ರಚನೆಯ ದೋಷಗಳು. ಡೌನ್ ಸಿಂಡ್ರೋಮ್ ಇರುವ ಮಗುವಿನಲ್ಲಿ ಒಂದು ವರ್ಣತಂತು ಹೆಚ್ಚಾಗಿರುತ್ತದೆ. ಹುಟ್ಟಿನಿಂದಲೇ ಇರುವ ಕಿವುಡುತನ, ಥೈರಾಯ್ಡ್ ಕೊರತೆ ಮುಂತಾದವು ಕಾರ್ಯಕ್ಕೆ ಸಂಬಂಧಿಸಿದವು. ಇಂಥ ಪ್ರಕರಣಗಳನ್ನು ಒಂದೆಡೆ ದಾಖಲಿಸಿಡುವ ವ್ಯವಸ್ಥೆಗೆ ನೋಂದಣಿ ಎನ್ನುತ್ತಾರೆ. ಹೆಚ್ಚಿನ ರಾಷ್ಟ್ರೀಯ ನೋಂದಣಿಗಳು ರಚನೆಯ ದೊಡ್ಡ ದೋಷಗಳನ್ನೂ ವರ್ಣತಂತುಗಳ ದೋಷಗಳನ್ನೂ ಮಾತ್ರ ಎಣಿಸುತ್ತವೆ. ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಇವು ‘ಕ್ಯೂ’ ಅಕ್ಷರದಿಂದ ಶುರುವಾಗುವ ಸಂಕೇತಗಳ ಅಡಿಯಲ್ಲಿ ಬರುತ್ತವೆ.

ಏನನ್ನು ಎಣಿಸಬಾರದು ಎಂಬುದೂ ಅಷ್ಟೇ ಮುಖ್ಯ. ಕಿವಿಯ ಮುಂದಿನ ಸಣ್ಣ ಚರ್ಮದ ಗಂಟಿನಂಥವುಗಳನ್ನು ಬಹುತೇಕ ನೋಂದಣಿಗಳು ಕೈಬಿಡುತ್ತವೆ. 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವಿನಲ್ಲಿ ಹೃದಯದ ಬಳಿಯ ಡಕ್ಟಸ್ ಆರ್ಟೀರಿಯೋಸಸ್ ಎಂಬ ರಕ್ತನಾಳ ತೆರೆದೇ ಇದ್ದರೆ, ಅದು ಅವಧಿಗೆ ಮುನ್ನ ಹುಟ್ಟಿದ್ದರ ಫಲ. ಅದನ್ನೂ ನ್ಯೂನತೆಯೆಂದು ಎಣಿಸಿದರೆ ಅವಧಿಪೂರ್ವ ಹೆರಿಗೆಗಳು ಹೆಚ್ಚಾದ ವರ್ಷದಲ್ಲಿ ಹೃದಯದ ನ್ಯೂನತೆಗಳೂ ಹೆಚ್ಚಾದಂತೆ ಕಾಣುತ್ತದೆ.

ಪ್ರತಿ ಮಗುವನ್ನೂ ವೈದ್ಯರು ಪರೀಕ್ಷಿಸುತ್ತಾರಲ್ಲ, ಮತ್ತೆ ಇಡೀ ದೇಶದ ಲೆಕ್ಕವೇಕೆ?

ವರ್ಷಕ್ಕೆ 2,000 ಹೆರಿಗೆಗಳಾಗುವ ಒಂದು ಆಸ್ಪತ್ರೆಯನ್ನು ಊಹಿಸಿಕೊಳ್ಳಿ. 10,000 ಜನನಗಳಿಗೆ ಒಂದರಂತೆ ಕಾಣಿಸುವ ನ್ಯೂನತೆಯು ಅಲ್ಲಿ ಸರಾಸರಿ 5 ವರ್ಷಕ್ಕೊಮ್ಮೆ ಎದುರಾಗುತ್ತದೆ. ಹೊಸದೊಂದು ಔಷಧಿಯಿಂದ ಆ ನ್ಯೂನತೆ ಎರಡು ಪಟ್ಟಾಯಿತು ಎನ್ನೋಣ. ಆಗ ಅದು ಎರಡೂವರೆ ವರ್ಷಕ್ಕೊಮ್ಮೆ ಕಾಣಿಸುತ್ತದೆ, ಆ ವ್ಯತ್ಯಾಸ ಎಂಥ ಚುರುಕಾದ ವೈದ್ಯರ ಗಮನಕ್ಕೂ ಬಾರದು. ಅದೇ ವರ್ಷಕ್ಕೆ 5 ಲಕ್ಷ ಮಕ್ಕಳು ಹುಟ್ಟುವ ದೇಶದ ಒಟ್ಟು ಲೆಕ್ಕದಲ್ಲಿ 50 ಪ್ರಕರಣಗಳು 100 ಆಗಿರುತ್ತವೆ, ಒಂದೇ ವರ್ಷದೊಳಗೆ ಅದು ಎದ್ದು ಕಾಣುತ್ತದೆ.

ಈ ಪಾಠವನ್ನು ಜಗತ್ತು ಕಲಿತದ್ದು ಥಾಲಿಡೊಮೈಡ್ ದುರಂತದಿಂದ. ನಿದ್ರೆಗೆಂದು, ಆತಂಕ ಶಮನಕ್ಕೆಂದು 1957ರಲ್ಲಿ ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ಬಂದ ಈ ಮಾತ್ರೆಯನ್ನು ಗರ್ಭಿಣಿಯರು ವಾಕರಿಕೆಗೂ ತೆಗೆದುಕೊಂಡರು. ಕೈಕಾಲುಗಳು ಬೆಳೆಯದ ಶಿಶುಗಳು ಒಂದೊಂದು ಊರಿನಲ್ಲಿ ಒಂದೊಂದಾಗಿ ಹುಟ್ಟತೊಡಗಿದಾಗ ಆ ಪ್ರಕರಣಗಳನ್ನೆಲ್ಲ ಒಂದೆಡೆ ಸೇರಿಸಿ ನೋಡುವ ವ್ಯವಸ್ಥೆಯೇ ಇರಲಿಲ್ಲ. ಜರ್ಮನಿಯ ಮಕ್ಕಳ ವೈದ್ಯ ವಿಡುಕಿಂಡ್ ಲೆಂಜ್ ತಾಯಂದಿರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ, ಆಸ್ಟ್ರೇಲಿಯಾದ ಹೆರಿಗೆ ತಜ್ಞ ವಿಲಿಯಂ ಮ್ಯಾಕ್‌ಬ್ರೈಡ್ ತಮ್ಮಲ್ಲಿಗೆ ಬಂದ ಪ್ರಕರಣಗಳನ್ನು ಗಮನಿಸಿ, 1961ರಲ್ಲಿ ಈ ಮಾತ್ರೆಯ ಕಡೆಗೆ ಬೆರಳು ತೋರಿಸಿದರು. ಆ ವರ್ಷದ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಮಾತ್ರೆಯ ಮಾರಾಟ ನಿಂತಿತು. ಅಷ್ಟು ಹೊತ್ತಿಗೆ ಮಾತ್ರೆ ಬಂದು ನಾಲ್ಕು ವರ್ಷ ಕಳೆದಿತ್ತು, ಅದರಿಂದ ಬಾಧಿತರಾದ ಮಕ್ಕಳ ಸಂಖ್ಯೆ ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚೆಂದು ಅಂದಾಜಿಸಲಾಗಿದೆ. ಥಾಲಿಡೊಮೈಡ್‌ನಿಂದಾಗುವ ನ್ಯೂನತೆ ಅತಿ ಅಪರೂಪದ್ದೂ ನೋಡಿದ ಕೂಡಲೇ ಗುರುತಿಸಬಹುದಾದದ್ದೂ ಆಗಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು. ಹೃದಯದ ರಂಧ್ರದಂಥ ಸಾಮಾನ್ಯ ನ್ಯೂನತೆಯನ್ನು ಇಷ್ಟಿಷ್ಟೇ ಹೆಚ್ಚಿಸುವ ಔಷಧಿಯಾಗಿದ್ದರೆ, ಬರಿಗಣ್ಣಿನ ಗಮನದಿಂದ ಅದು ಎಂದಿಗೂ ಪತ್ತೆಯಾಗುತ್ತಿರಲಿಲ್ಲ.

ಇಂಥ ನೋಂದಣಿಗಳು ಯಾವಾಗಿನಿಂದ ಇವೆ?

ಫಿನ್‌ಲ್ಯಾಂಡ್ 1963ರಲ್ಲಿ, ನಾರ್ವೆ 1967ರಲ್ಲಿ ರಾಷ್ಟ್ರಮಟ್ಟದ ನೋಂದಣಿಯನ್ನು ಆರಂಭಿಸಿದವು. ಅಮೆರಿಕದ ಅಟ್ಲಾಂಟಾ ಮಹಾನಗರ ಪ್ರದೇಶದ ನಿಗಾ ಕಾರ್ಯಕ್ರಮವೂ ದಕ್ಷಿಣ ಅಮೆರಿಕದ ಆಸ್ಪತ್ರೆಗಳ ಜಾಲವಾದ ಎಕ್ಲಾಮ್ಕ್ ಕೂಡ 1967ರಲ್ಲೇ ಶುರುವಾದವು. ಬೇರೆ ಬೇರೆ ದೇಶಗಳ ನೋಂದಣಿಗಳು ಮಾಹಿತಿ ಹಂಚಿಕೊಳ್ಳಲು 1974ರಲ್ಲಿ ಹೆಲ್ಸಿಂಕಿಯಲ್ಲಿ ಒಂದು ಅಂತರರಾಷ್ಟ್ರೀಯ ಕೂಟವನ್ನು ಕಟ್ಟಿಕೊಂಡವು. ಯೂರೋಪಿನ ನೋಂದಣಿಗಳ ಜಾಲವಾದ ಯೂರೋಕ್ಯಾಟ್ 1979ರದು. ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಎಲ್ಲ ಸದಸ್ಯ ದೇಶಗಳೂ ಇಂಥ ನಿಗಾವನ್ನು ಬಲಪಡಿಸಬೇಕೆಂದು ನಿರ್ಣಯ ಮಾಡಿದ್ದು 2010ರಲ್ಲಿ.

ಒಂದು ಪ್ರಕರಣ ನೋಂದಣಿಗೆ ಬಂದು ಸೇರುವುದು ಹೇಗೆ?

ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಆಸ್ಪತ್ರೆಗಳೇ ನಿಗದಿತ ನಮೂನೆಯನ್ನು ತುಂಬಿ ಕಳುಹಿಸುತ್ತವೆ. ಇದಕ್ಕೆ ಖರ್ಚು ಕಡಿಮೆ, ಆದರೆ ಕೆಲಸದ ಒತ್ತಡದಲ್ಲಿ ಬಿಟ್ಟುಹೋಗುವ ಪ್ರಕರಣಗಳು ಹೆಚ್ಚು. ಎರಡನೆಯದರಲ್ಲಿ ತರಬೇತಿ ಪಡೆದ ಸಿಬ್ಬಂದಿ ತಾವೇ ಆಸ್ಪತ್ರೆಗಳಿಗೆ ಹೋಗಿ ಹೆರಿಗೆ ಕೊಠಡಿಯ ದಾಖಲೆ ಪುಸ್ತಕ, ನವಜಾತ ಶಿಶು ಘಟಕದ ಕಡತ, ಶಸ್ತ್ರಚಿಕಿತ್ಸೆಯ ಪಟ್ಟಿ, ಪ್ರಯೋಗಾಲಯದ ವರದಿ, ಮರಣೋತ್ತರ ಪರೀಕ್ಷೆಯ ವರದಿ ಎಲ್ಲವನ್ನೂ ತಿರುವಿ ಹಾಕಿ ಪ್ರಕರಣಗಳನ್ನು ಹುಡುಕುತ್ತಾರೆ. ಇದು ದುಬಾರಿಯಾದರೂ ಇದರಿಂದ ಬರುವ ಮಾಹಿತಿ ಹೆಚ್ಚು ನಂಬಿಕೆಗೆ ಅರ್ಹ. ಅನೇಕ ದೇಶಗಳು ಎರಡನ್ನೂ ಬೆರೆಸಿ ನಡೆಸುತ್ತವೆ.

ನಮೂನೆಯಲ್ಲಿ ಏನು ಬರೆಯುತ್ತಾರೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ‘ಸ್ಪೈನಾ ಬೈಫಿಡಾ’ ಎಂದಷ್ಟೇ ಬರೆದರೆ ಸಾಲದು. ಅದು ಬೆನ್ನಿನ ಯಾವ ಮಟ್ಟದಲ್ಲಿದೆ, ಮೇಲೆ ಚರ್ಮ ಮುಚ್ಚಿದೆಯೇ ಅಥವಾ ತೆರೆದಿದೆಯೇ, ತಲೆಯಲ್ಲಿ ನೀರು ತುಂಬಿದೆಯೇ, ಬೇರೆ ಅಂಗಗಳಲ್ಲಿ ದೋಷವಿದೆಯೇ ಎಂಬುದನ್ನೆಲ್ಲ ಬರೆಯಬೇಕು, ಸಾಧ್ಯವಾದರೆ ಹೆತ್ತವರ ಒಪ್ಪಿಗೆಯೊಂದಿಗೆ ಛಾಯಾಚಿತ್ರವನ್ನೂ ಸೇರಿಸಬೇಕು. ಸ್ಪೈನಾ ಬೈಫಿಡಾದಿಂದಾಗಿಯೇ ತಲೆಯಲ್ಲಿ ನೀರು ತುಂಬಿ, ಪಾದವೂ ತಿರುಚಿಕೊಂಡಿದ್ದರೆ ಅದನ್ನು ಮೂರು ನ್ಯೂನತೆಗಳೆಂದು ಎಣಿಸುವುದಿಲ್ಲ. ಮೂಲ ದೋಷ ಒಂದೇ, ಉಳಿದವು ಅದರ ಪರಿಣಾಮಗಳು. ಆದರೆ ಅದೇ ಮಗುವಿಗೆ ಸೀಳುತುಟಿಯೂ ಇದ್ದರೆ ಅದು ಹಲವು ನ್ಯೂನತೆಗಳಿರುವ ಪ್ರಕರಣವಾಗುತ್ತದೆ, ಅದರ ಕಾರಣವನ್ನು ಬೇರೆಯೇ ದಿಕ್ಕಿನಲ್ಲಿ ಹುಡುಕಬೇಕಾಗುತ್ತದೆ. ಈ ವಿವರಗಳಿಲ್ಲದ ನಮೂನೆಯಿಂದ ಅಂಕಿಯೊಂದು ಸಿಗಬಹುದೇ ಹೊರತು ತಿಳಿವಳಿಕೆ ಸಿಗುವುದಿಲ್ಲ.

ಒಂದು ಊರಿನಲ್ಲಿ ಹುಟ್ಟಿದ ಮಗುವಿಗೆ ಇನ್ನೊಂದು ಊರಿನಲ್ಲಿ ಶಸ್ತ್ರಚಿಕಿತ್ಸೆಯಾದಾಗ ಎರಡೂ ಕಡೆಯಿಂದ ವರದಿ ಬರುವುದು ಸಹಜ. ಎರಡೂ ಒಂದೇ ಮಗುವಿನದು ಎಂದು ಗುರುತಿಸಿ ಜೋಡಿಸುವುದು ನೋಂದಣಿ ಕಚೇರಿಯ ದಿನನಿತ್ಯದ ಕೆಲಸ.

ಪ್ರಮಾಣವನ್ನು ಲೆಕ್ಕ ಹಾಕುವ ಕ್ರಮ ಯಾವುದು? ಸತ್ತು ಹುಟ್ಟಿದ ಶಿಶುಗಳನ್ನೂ ಎಣಿಸುತ್ತಾರೆಯೇ?

ಒಂದು ವರ್ಷದಲ್ಲಿ ಕಂಡ ಪ್ರಕರಣಗಳನ್ನು ಆ ವರ್ಷದ ಒಟ್ಟು ಜನನಗಳಿಂದ ಭಾಗಿಸಿ 10,000ದಿಂದ ಗುಣಿಸುತ್ತಾರೆ. ಒಟ್ಟು ಜನನವೆಂದರೆ ಜೀವಂತ ಜನನ ಮತ್ತು ಸತ್ತು ಹುಟ್ಟಿದ ಶಿಶುಗಳ ಮೊತ್ತ. ಪ್ರಕರಣಗಳಲ್ಲಿ ಜೀವಂತ ಜನನ, ಸತ್ತು ಹುಟ್ಟಿದವು ಮಾತ್ರವಲ್ಲದೆ ಸ್ಕ್ಯಾನಿಂಗ್‌ನಲ್ಲಿ ನ್ಯೂನತೆ ಕಂಡ ಬಳಿಕ ವೈದ್ಯಕೀಯವಾಗಿ ಕೊನೆಗೊಳಿಸಿದ ಗರ್ಭಗಳನ್ನೂ ಯೂರೋಕ್ಯಾಟ್‌ನಂಥ ಜಾಲಗಳು ಸೇರಿಸುತ್ತವೆ. ಇದು ಭಾವನೆಗಳನ್ನು ನೋಯಿಸುವ ವಿಷಯವೆಂಬುದು ನಿಜ, ಆದರೂ ಇದನ್ನು ಬಿಡುವಂತಿಲ್ಲ. ಮೆದುಳೂ ತಲೆಬುರುಡೆಯೂ ರೂಪುಗೊಳ್ಳದ ಅನೆನ್‌ಸೆಫಲಿಯಂಥ ದೋಷ ಸ್ಕ್ಯಾನಿಂಗ್‌ನಲ್ಲಿ ಬೇಗ ಪತ್ತೆಯಾಗುವುದರಿಂದ, ಜೀವಂತ ಜನನಗಳನ್ನಷ್ಟೇ ಎಣಿಸುವ ದೇಶದಲ್ಲಿ ಅದು ಮಾಯವಾದಂತೆಯೇ ಕಾಣುತ್ತದೆ. ಅದಕ್ಕೆ ಕಾರಣವಾದ ಪೌಷ್ಟಿಕಾಂಶದ ಕೊರತೆ ಮಾತ್ರ ಇದ್ದ ಹಾಗೆಯೇ ಇರುತ್ತದೆ.

ಗರ್ಭಧಾರಣೆಯ ಮೊದಲ ವಾರಗಳಲ್ಲೇ, ಎಷ್ಟೋ ಸಲ ತಾಯಿಗೆ ಗೊತ್ತಾಗುವ ಮೊದಲೇ, ಬಿದ್ದುಹೋಗುವ ಗರ್ಭಗಳನ್ನು ಎಣಿಸಲು ಯಾವ ವ್ಯವಸ್ಥೆಯಿಂದಲೂ ಆಗದು. ಆದ್ದರಿಂದ ನಮ್ಮ ಕೈಗೆ ಸಿಗುವುದು ಗರ್ಭ ನಿಂತು ಬೆಳೆದ ಮಕ್ಕಳಲ್ಲಿನ ಪ್ರಮಾಣ ಮಾತ್ರ.

ಈ ನ್ಯೂನತೆಗಳು ಎಷ್ಟು ಸಾಮಾನ್ಯ?

ರಚನೆಯ ಮತ್ತು ವರ್ಣತಂತುಗಳ ದೊಡ್ಡ ದೋಷಗಳನ್ನಷ್ಟೇ ಎಣಿಸುವ ಉತ್ತಮ ನೋಂದಣಿಗಳಲ್ಲಿ ಇದು ಸುಮಾರು 2ರಿಂದ 3 ಶೇಕಡಾ ಇರುತ್ತದೆ. ಆನುವಂಶಿಕ ರಕ್ತರೋಗಗಳಂಥವನ್ನೂ ಸೇರಿಸಿಕೊಳ್ಳುವ ವಿಶಾಲ ವ್ಯಾಖ್ಯೆಯಂತೆ ಜಗತ್ತಿನಲ್ಲಿ ಹುಟ್ಟುವ ಮಕ್ಕಳಲ್ಲಿ 6 ಶೇಕಡಾ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಪ್ರತಿ ವರ್ಷ ಸುಮಾರು 2,40,000 ಶಿಶುಗಳು ಹುಟ್ಟಿದ 28 ದಿನಗಳೊಳಗೆ ಇವುಗಳಿಂದ ಸಾಯುತ್ತವೆ ಎಂದೂ ಆ ಸಂಸ್ಥೆ ಹೇಳುತ್ತದೆ. ಹೃದಯದ ನ್ಯೂನತೆಗಳೇ ಅತಿ ಸಾಮಾನ್ಯವಾದವು, 1,000 ಮಕ್ಕಳಿಗೆ 8ರಿಂದ 10.

ಅಂಕಿ ಏರಿದೆ ಎಂದ ಮಾತ್ರಕ್ಕೆ ನ್ಯೂನತೆಗಳು ನಿಜವಾಗಿಯೂ ಹೆಚ್ಚಾಗಿವೆಯೇ?

ಎಷ್ಟೋ ಸಲ ಹೆಚ್ಚಾಗಿರುವುದಿಲ್ಲ. ಏರಿಕೆ ಕಂಡಾಗ ನಿಗಾ ಸಿಬ್ಬಂದಿ ಮೊದಲು ಅನುಮಾನಿಸುವುದು ತಮ್ಮ ಎಣಿಕೆಯನ್ನೇ. ನವಜಾತ ಶಿಶುಗಳ ರಕ್ತದಲ್ಲಿನ ಆಮ್ಲಜನಕದ ಮಟ್ಟವನ್ನು ಪಲ್ಸ್ ಆಕ್ಸಿಮೀಟರ್‌ನಿಂದ ಅಳೆಯುವ ಪದ್ಧತಿ ಬಂದ ಕಡೆಗಳಲ್ಲಿ, ಹೃದಯವನ್ನು ಸ್ಕ್ಯಾನ್ ಮಾಡುವ ಎಕೋ ಯಂತ್ರಗಳು ಸಣ್ಣ ಆಸ್ಪತ್ರೆಗಳಿಗೂ ತಲುಪಿದ ಕಡೆಗಳಲ್ಲಿ, ಮೊದಲು ಯಾರ ಕಣ್ಣಿಗೂ ಬೀಳದೆ ತಾವಾಗಿಯೇ ಮುಚ್ಚಿಹೋಗುತ್ತಿದ್ದ ಹೃದಯದ ಚಿಕ್ಕ ರಂಧ್ರಗಳು ಪಟ್ಟಿಗೆ ಸೇರುತ್ತವೆ. ಹಾಗಾಗಿ ಏರಿಕೆ ಸಣ್ಣ ದೋಷಗಳಲ್ಲಿ ಮಾತ್ರವಿದೆಯೋ ತೀವ್ರ ದೋಷಗಳಲ್ಲೂ ಇದೆಯೋ ಎಂದು ಬೇರ್ಪಡಿಸಿ ನೋಡುವುದು ರೂಢಿ. ತೀವ್ರ ದೋಷ ಹೇಗಿದ್ದರೂ ಪತ್ತೆಯಾಗುತ್ತದೆ, ಅದರ ಪ್ರಮಾಣವೂ ಏರಿದ್ದರೆ ಆಗ ಕಳವಳ ಪಡಬೇಕು.

ವ್ಯಾಖ್ಯೆ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಬ್ರೆಜಿಲ್‌ಗಿಂತ ಸ್ಪಷ್ಟವಾದ ಉದಾಹರಣೆ ಸಿಗದು. 2015ರಲ್ಲಿ ಆ ದೇಶದ ಈಶಾನ್ಯ ಭಾಗದಲ್ಲಿ ತಲೆಯ ಗಾತ್ರ ತೀರ ಚಿಕ್ಕದಿದ್ದ ಶಿಶುಗಳು ಹೆಚ್ಚಾಗಿ ಹುಟ್ಟಿದಾಗ, ಅವಧಿ ತುಂಬಿ ಹುಟ್ಟಿದ ಮಗುವಿನ ತಲೆಯ ಸುತ್ತಳತೆ 33 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ವರದಿ ಮಾಡಬೇಕೆಂದು ಮೊದಲು ಸೂಚಿಸಲಾಯಿತು. ಆ ಅಳತೆಗೆ ಎಷ್ಟೋ ಆರೋಗ್ಯವಂತ ಮಕ್ಕಳೂ ಒಳಪಡುತ್ತಾರೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದನ್ನು 32ಕ್ಕೆ ಇಳಿಸಿದರು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಗಂಡು ಮಗುವಿಗೆ 31.9, ಹೆಣ್ಣು ಮಗುವಿಗೆ 31.5 ಎಂದು ನಿಗದಿಪಡಿಸಿದರು. ಒಂದೇ ಒಂದು ಸೆಂಟಿಮೀಟರಿನ ಬದಲಾವಣೆಯಿಂದ ಅನುಮಾನಿತ ಪ್ರಕರಣಗಳ ಸಂಖ್ಯೆ ಬಹಳವೇ ಏರುಪೇರಾಗುತ್ತದೆ. ಅಳೆಯುವ ಕೈಯೂ ಲೆಕ್ಕಕ್ಕೆ ಬರುತ್ತದೆ. ಟೇಪು ಹುಬ್ಬಿನ ಮೇಲಿನಿಂದ ತಲೆಯ ಹಿಂಭಾಗದ ಅತಿ ಉಬ್ಬಿದ ಜಾಗದವರೆಗೆ ಬಿಗಿಯಾಗಿ ಸುತ್ತಿರಬೇಕು, ಹೆರಿಗೆಯ ವೇಳೆ ಒತ್ತಿಕೊಂಡ ತಲೆ ಸರಿಯಾದ ಆಕಾರಕ್ಕೆ ಬರಲು ಕನಿಷ್ಠ 24 ಗಂಟೆ ಕಳೆದಿರಬೇಕು.

ಅಷ್ಟಾಗಿಯೂ ಅಲ್ಲಿ ಕಂಡದ್ದು ನಿಜವಾದ ಏರಿಕೆಯೇ ಆಗಿತ್ತು. ಗರ್ಭಿಣಿಯರಿಗೆ ತಗುಲಿದ, ಸೊಳ್ಳೆಗಳಿಂದ ಹರಡುವ ಝೀಕಾ ವೈರಸ್ ಅದರ ಹಿಂದಿತ್ತು. ಹಿಂದಿನ ವರ್ಷಗಳಲ್ಲಿ ಈ ನ್ಯೂನತೆ ಸರಿಯಾಗಿ ವರದಿಯಾಗದೇ ಇದ್ದುದರಿಂದ ಏರಿಕೆ ಎಷ್ಟು ಪಟ್ಟು ಎಂಬ ವಿವಾದವೇ ಮೊದಲ ಕೆಲವು ತಿಂಗಳು ನಡೆಯಿತು. ಪಿಡುಗು ಇಲ್ಲದ ವರ್ಷಗಳಲ್ಲೂ ಎಣಿಕೆಗೆ ಹಣ ಒದಗಿಸಬೇಕು ಎಂದು ನೋಂದಣಿಯವರು ಪಟ್ಟು ಹಿಡಿಯುವುದು ಇದಕ್ಕಾಗಿಯೇ.

ತಾಯಿಯ ವಯಸ್ಸು ಬದಲಾದಾಗಲೂ ಅಂಕಿ ನಿಜವಾಗಿಯೇ ಬದಲಾಗುತ್ತದೆ. ಡೌನ್ ಸಿಂಡ್ರೋಮ್‌ನ ಸಾಧ್ಯತೆ ತಾಯಿಗೆ 25 ವರ್ಷವಿದ್ದಾಗ ಸುಮಾರು 1,200ರಲ್ಲಿ ಒಂದಾದರೆ 40ರಲ್ಲಿ ಸುಮಾರು 100ರಲ್ಲಿ ಒಂದು. ತಡವಾಗಿ ತಾಯಂದಿರಾಗುವ ಸಮಾಜದಲ್ಲಿ ಈ ಪ್ರಮಾಣ ಏರುವುದು ನಿರೀಕ್ಷಿತ. ಇದಕ್ಕೆ ವಿರುದ್ಧವಾಗಿ, ಹೊಟ್ಟೆಯ ಗೋಡೆಯ ಸೀಳಿನಿಂದ ಕರುಳು ಹೊರಬರುವ ಗ್ಯಾಸ್ಟ್ರೋಸ್ಕೈಸಿಸ್ 20 ವರ್ಷದೊಳಗಿನ ತಾಯಂದಿರ ಮಕ್ಕಳಲ್ಲಿ ಹೆಚ್ಚು. ಹಲವು ದೇಶಗಳಲ್ಲಿ ದಶಕಗಳ ಕಾಲ ಅದು ಏರುತ್ತಲೇ ಹೋಗಿದ್ದು ನೋಂದಣಿಗಳಿಂದಲೇ ಗೊತ್ತಾಯಿತು, ಏಕೆಂಬುದಕ್ಕೆ ಒಪ್ಪುವಂಥ ಉತ್ತರ ಇನ್ನೂ ದೊರೆತಿಲ್ಲ.

ಒಂದೇ ಪ್ರದೇಶದಲ್ಲಿ ಒಂದೇ ವರ್ಷ ಹಲವು ಪ್ರಕರಣಗಳು ಕಂಡರೆ ಅಲ್ಲಿ ಏನೋ ಅಪಾಯವಿದೆ ಎಂದಲ್ಲವೇ?

ಹಾಗೆ ಅನುಮಾನಿಸುವುದು ಸಹಜ, ವಿಚಾರಿಸಿ ನೋಡುವುದು ನೋಂದಣಿಯ ಕರ್ತವ್ಯ. ಆದರೆ ಆಕಸ್ಮಿಕಕ್ಕೂ ತನ್ನದೇ ಲೆಕ್ಕವಿದೆ. ಸರಾಸರಿ ವರ್ಷಕ್ಕೆ 2 ಪ್ರಕರಣಗಳು ಕಾಣುವ ಜಿಲ್ಲೆಯೊಂದರಲ್ಲಿ, ಯಾವ ಹೊಸ ಕಾರಣವೂ ಇಲ್ಲದೆ, ಒಂದು ವರ್ಷದಲ್ಲಿ 5 ಅಥವಾ ಅದಕ್ಕಿಂತ ಹೆಚ್ಚು ಪ್ರಕರಣಗಳು ಬರುವ ಸಂಭವ ಸುಮಾರು 5 ಶೇಕಡಾ. ಅಂಥ 100 ಜಿಲ್ಲೆಗಳಿರುವ ದೇಶದಲ್ಲಿ ಪ್ರತಿ ವರ್ಷವೂ ಸುಮಾರು 5 ಜಿಲ್ಲೆಗಳಲ್ಲಿ ಇಂಥ ಗುಂಪು ಕಾಣಿಸುತ್ತದೆ. ಆ ಜಿಲ್ಲೆಯಲ್ಲಿ ವಾಸಿಸುವವರಿಗೆ ಅದು ಕೇವಲ ಅಂಕಗಣಿತ ಎನಿಸುವುದಿಲ್ಲ, ಎನಿಸಲೂಬಾರದು. ಆದ್ದರಿಂದ ಉತ್ತರವನ್ನು ಸಮಾಧಾನದ ಮಾತಿನಲ್ಲಿ ಮುಗಿಸದೆ ತನಿಖೆಯ ಮೂಲಕ ಕೊಡಬೇಕು.

ತನಿಖೆಯಲ್ಲಿ ಮೊದಲು ಪ್ರತಿ ಪ್ರಕರಣದ ರೋಗನಿರ್ಣಯ ಸರಿಯಿದೆಯೇ ಎಂದು ಪರಿಶೀಲಿಸುತ್ತಾರೆ, ಬಳಿಕ ಎಲ್ಲವೂ ಒಂದೇ ಬಗೆಯವೇ ಎಂದು ನೋಡುತ್ತಾರೆ. ಒಂದು ವಕ್ರಪಾದ, ಒಂದು ಹೃದಯದ ರಂಧ್ರ, ಒಂದು ಡೌನ್ ಸಿಂಡ್ರೋಮ್ ಸೇರಿ ಮೂರಾದರೆ ಅವುಗಳ ಹಿಂದೆ ಒಂದೇ ಕಾರಣವಿರುವುದು ಅಸಂಭವ. ಒಂದೇ ಬಗೆಯ ಅಪರೂಪದ ದೋಷ, ಒಂದೇ ಅವಧಿಯಲ್ಲಿ ಗರ್ಭ ಧರಿಸಿದ ತಾಯಂದಿರಲ್ಲಿ, ನಿರೀಕ್ಷೆಗಿಂತ ಹಲವು ಪಟ್ಟು ಹೆಚ್ಚಾಗಿ ಕಂಡರೆ ಮಾತ್ರ ಔಷಧಿ, ಸೋಂಕು, ನೀರು, ಉದ್ಯೋಗ ಇತ್ಯಾದಿಗಳ ಕಡೆಗೆ ವಿಚಾರಣೆ ಮುಂದುವರಿಯುತ್ತದೆ. ಮನೆ ಈಗ ಎಲ್ಲಿದೆ ಎಂಬುದಕ್ಕಿಂತ ಗರ್ಭದ ಮೊದಲ ಎಂಟು ವಾರಗಳಲ್ಲಿ ತಾಯಿ ಎಲ್ಲಿದ್ದರು ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ, ಏಕೆಂದರೆ ಅಂಗಗಳು ರೂಪುಗೊಳ್ಳುವುದು ಬಹುಪಾಲು ಆಗಲೇ.

ಕಾರಣ ಯಾವುದೆಂದು ನೋಂದಣಿಯೇ ಹೇಳಬಲ್ಲದೇ?

ನೋಂದಣಿಯಿಂದ ಸಿಗುವುದು ಸುಳಿವು. ಮೂರ್ಛೆರೋಗಕ್ಕೆ ಕೊಡುವ ವ್ಯಾಲ್‌ಪ್ರೊಯೇಟ್ ಔಷಧಿಗೂ ಸ್ಪೈನಾ ಬೈಫಿಡಾಕ್ಕೂ ಇರುವ ನಂಟು 1982ರಲ್ಲಿ ಹೊರಬಿದ್ದದ್ದು ಫ್ರಾನ್ಸ್‌ನ ಲಿಯಾನ್ ಪ್ರದೇಶದ ನೋಂದಣಿಯಿಂದ. ಗರ್ಭದ ಆರಂಭದಲ್ಲಿ ಈ ಔಷಧಿ ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ಆ ದೋಷದ ಸಾಧ್ಯತೆ 1ರಿಂದ 2 ಶೇಕಡಾ ಎಂದು ನಂತರ ಅಂದಾಜಿಸಲಾಯಿತು. ಸುಳಿವು ಸಿಕ್ಕ ಮೇಲೆ ಬಾಧಿತ ಮಕ್ಕಳ ತಾಯಂದಿರನ್ನೂ ಆರೋಗ್ಯವಂತ ಮಕ್ಕಳ ತಾಯಂದಿರನ್ನೂ ಒಂದೇ ಪ್ರಶ್ನಾವಳಿಯಿಂದ ವಿಚಾರಿಸಿ ಹೋಲಿಸುವ ಅಧ್ಯಯನಗಳು ನಡೆಯುತ್ತವೆ. ಆದರೂ ಬಹಳಷ್ಟು ಮಕ್ಕಳ ವಿಷಯದಲ್ಲಿ ನಿರ್ದಿಷ್ಟ ಕಾರಣ ಸಿಗುವುದೇ ಇಲ್ಲ. ತಾಯಿ ಏನೋ ತಪ್ಪು ಮಾಡಿರಬೇಕು ಎಂಬ ಮಾತಿಗೆ ಈ ಅಂಕಿಗಳಲ್ಲಿ ಯಾವ ಆಧಾರವೂ ಇಲ್ಲವೆಂದು ಒತ್ತಿ ಹೇಳಬೇಕಾಗಿದೆ.

ನಿಗಾದಿಂದ ನ್ಯೂನತೆಗಳು ಕಡಿಮೆಯಾದ ಉದಾಹರಣೆ ಇದೆಯೇ?

ಇದೆ. ಏಳು ದೇಶಗಳ 33 ಕೇಂದ್ರಗಳಲ್ಲಿ ನಡೆದು 1991ರಲ್ಲಿ ಪ್ರಕಟವಾದ ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗವು, ಹಿಂದೆ ನರನಾಳದ (ಭ್ರೂಣದಲ್ಲಿ ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ಕೊಳವೆಯ) ದೋಷ, ಅಂದರೆ ಸ್ಪೈನಾ ಬೈಫಿಡಾ, ಅನೆನ್‌ಸೆಫಲಿಯಂಥದ್ದು, ಇದ್ದ ಮಗುವನ್ನು ಹೆತ್ತ ತಾಯಂದಿರು ಗರ್ಭಧಾರಣೆಗೆ ಮೊದಲಿನಿಂದಲೇ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಎಂಬ ವಿಟಮಿನ್ ಸೇವಿಸಿದರೆ ಅದು ಮರುಕಳಿಸುವ ಸಾಧ್ಯತೆ 72 ಶೇಕಡಾ ತಗ್ಗುತ್ತದೆ ಎಂದು ತೋರಿಸಿತು. ನರನಾಳ ಮುಚ್ಚಿಕೊಳ್ಳುವುದು ಗರ್ಭಧಾರಣೆಯಾಗಿ ಸುಮಾರು 28 ದಿನಗಳೊಳಗೆ, ಅಂದರೆ ಬಹಳ ಮಂದಿಗೆ ಗರ್ಭ ನಿಂತದ್ದು ಖಚಿತವಾಗುವ ಹೊತ್ತಿಗೇ. ಮಾತ್ರೆ ಶುರು ಮಾಡುವಷ್ಟರಲ್ಲಿ ಕಾಲ ಮೀರಿರುವುದರಿಂದ ಹಿಟ್ಟಿಗೇ ಫೋಲಿಕ್ ಆಮ್ಲ ಬೆರೆಸುವ ಕ್ರಮವನ್ನು ಅಮೆರಿಕ ಮತ್ತು ಕೆನಡಾ 1998ರಲ್ಲಿ, ಚಿಲಿ 2000ದಲ್ಲಿ ಕಡ್ಡಾಯಗೊಳಿಸಿದವು. ಕೆನಡಾದ ಏಳು ಪ್ರಾಂತ್ಯಗಳಲ್ಲಿ ನರನಾಳದ ದೋಷಗಳು 1,000 ಜನನಗಳಿಗೆ 1.58ರಿಂದ 0.86ಕ್ಕೆ ಇಳಿದವು. ಮೊದಲು ಎಲ್ಲಿ ಹೆಚ್ಚಾಗಿತ್ತೋ ಅಲ್ಲೇ ಹೆಚ್ಚು ಇಳಿಯಿತು. ಗರ್ಭ ಕೊನೆಗೊಳಿಸಿದ ಪ್ರಕರಣಗಳನ್ನೂ ಸೇರಿಸಿ ಎಣಿಸಿದ್ದರಿಂದಲೇ ಈ ಇಳಿಕೆ ಹಿಟ್ಟಿನಿಂದಾದದ್ದು, ಸ್ಕ್ಯಾನಿಂಗ್‌ನಿಂದಲ್ಲ ಎಂದು ಧೈರ್ಯದಿಂದ ಹೇಳಲು ಸಾಧ್ಯವಾಯಿತು.

ಎರಡು ದೇಶಗಳ ಅಂಕಿಗಳನ್ನು ನೇರವಾಗಿ ಹೋಲಿಸಬಹುದೇ?

ವ್ಯಾಖ್ಯೆ, ಪತ್ತೆಯ ವಯಸ್ಸಿನ ಮಿತಿ ಮತ್ತು ಎಣಿಕೆಯ ಮೂಲಗಳು ಒಂದೇ ಆಗಿದ್ದರೆ ಮಾತ್ರ. ಹುಟ್ಟಿದ ವಾರದೊಳಗೆ ಕಂಡದ್ದನ್ನಷ್ಟೇ ಎಣಿಸುವ ದೇಶಕ್ಕಿಂತ ಮಗುವಿಗೆ ವರ್ಷ ತುಂಬುವವರೆಗೆ ಎಣಿಸುವ ದೇಶದಲ್ಲಿ ಪ್ರಮಾಣ ಹೆಚ್ಚಿರುವುದು ಸಹಜ. ಎಷ್ಟೋ ಸಲ ಹೆಚ್ಚಿನ ಅಂಕಿ ಉತ್ತಮ ಎಣಿಕೆಯ ಗುರುತು.

ಮಗುವಿನ ಮಾಹಿತಿ ಗೋಪ್ಯವಾಗಿರುತ್ತದೆಯೇ?

ಇರಲೇಬೇಕು. ಹೆಸರು ಮತ್ತು ಗುರುತಿನ ಸಂಖ್ಯೆಯನ್ನು ವೈದ್ಯಕೀಯ ವಿವರಗಳಿಂದ ಬೇರೆಯಾಗಿ ಇಟ್ಟು, ದಾಖಲೆಗಳನ್ನು ಜೋಡಿಸುವಾಗ ಮಾತ್ರ ಅಧಿಕೃತ ಸಿಬ್ಬಂದಿ ಅದನ್ನು ಬಳಸುತ್ತಾರೆ. ಚಿಕ್ಕ ಊರಿನಲ್ಲಿ ಒಂದೇ ಪ್ರಕರಣವಿದ್ದರೆ ಹೆಸರಿಲ್ಲದಿದ್ದರೂ ಅದು ಯಾರ ಮಗುವೆಂದು ಊರಿಗೇ ಗೊತ್ತಾಗುತ್ತದೆ. ಆದ್ದರಿಂದ ತೀರ ಸಣ್ಣ ಸಂಖ್ಯೆಗಳನ್ನು ಪ್ರಕಟಿಸದೆ ನೆರೆಯ ಪ್ರದೇಶಗಳೊಂದಿಗೆ ಅಥವಾ ಹಲವು ವರ್ಷಗಳೊಂದಿಗೆ ಕೂಡಿಸಿ ತೋರಿಸುವುದು ವಾಡಿಕೆ.

ಹೊಸದಾಗಿ ನಿಗಾ ಆರಂಭಿಸುವ ದೇಶ ಎಲ್ಲಿಂದ ಶುರು ಮಾಡಬೇಕು?

ಎಲ್ಲ ನ್ಯೂನತೆಗಳನ್ನೂ ಒಮ್ಮೆಲೇ ಎಣಿಸಲು ಹೊರಟ ವ್ಯವಸ್ಥೆ ಬೇಗ ಸೊರಗುತ್ತದೆ. ಹುಟ್ಟಿದ ಕೂಡಲೇ ಬರಿಗಣ್ಣಿಗೆ ಕಾಣುವ ನರನಾಳದ ದೋಷ, ಸೀಳುತುಟಿ, ವಕ್ರಪಾದ, ಕೈಕಾಲುಗಳ ಕೊರತೆಗಳಿಂದ ಆರಂಭಿಸಿ, ಹೆರಿಗೆ ಕೊಠಡಿಯ ದಾದಿಯರಿಗೆ ಚಿತ್ರಗಳ ಸಹಿತ ತರಬೇತಿ ನೀಡಿ, ಹೃದಯದ ದೋಷಗಳನ್ನು ನಂತರ ಸೇರಿಸುವುದು ಲೇಸು. ಒಟ್ಟು ಜನನಗಳ ಲೆಕ್ಕ ನಂಬುವಂತಿರಬೇಕು, ಇಲ್ಲವಾದರೆ ಪ್ರಕರಣಗಳನ್ನು ಎಷ್ಟು ಎಚ್ಚರದಿಂದ ಎಣಿಸಿದರೂ ಪ್ರಮಾಣ ಸಿಗುವುದಿಲ್ಲ. ಮೊದಲ ಒಂದೆರಡು ವರ್ಷಗಳ ಏರಿಕೆ ಬಹುತೇಕ ವರದಿ ಮಾಡುವ ಅಭ್ಯಾಸ ಕುದುರಿದ್ದರ ಫಲವಾಗಿರುವುದರಿಂದ ಅದನ್ನು ಆಧರಿಸಿ ಗಾಬರಿಗೊಳ್ಳಬಾರದು. ವ್ಯಾಖ್ಯೆಯನ್ನು ಬದಲಿಸಲೇಬೇಕಾದಾಗ ಕೆಲವು ಕಾಲ ಹಳೆಯ ಹಾಗೂ ಹೊಸ ವ್ಯಾಖ್ಯೆಗಳೆರಡರಲ್ಲೂ ಎಣಿಸಿ ಎರಡನ್ನೂ ಪ್ರಕಟಿಸಬೇಕು. ಜೊತೆಗೆ, ಒಂದು ತಿಂಗಳಲ್ಲಿ ಒಂದೂ ಪ್ರಕರಣ ಕಾಣದ ಆಸ್ಪತ್ರೆಯೂ ‘ಶೂನ್ಯ’ ಎಂದು ಬರೆದು ವರದಿ ಕಳುಹಿಸಬೇಕೆಂಬ ನಿಯಮ ಮೊದಲ ದಿನದಿಂದಲೇ ಇರಬೇಕು. ನ್ಯೂನತೆ ಕಾಣದ ಆಸ್ಪತ್ರೆ ಯಾವುದು, ವರದಿಯನ್ನೇ ಕಳುಹಿಸದ ಆಸ್ಪತ್ರೆ ಯಾವುದು ಎಂದು ಬೇರ್ಪಡಿಸಿ ತಿಳಿಯಲು ಬೇರೆ ದಾರಿಯಿಲ್ಲ.